ಕಾಡಿನ ಸೊಪ್ಪು, ಅಣಬೆ, ಗೆಡ್ಡೆ: ಗುರುತು ಕಲಿತ ಮೇಲೆ ಕೀಳೋಣ

(ಸ್ವಸಹಾಯ ಸಂಘಗಳ ಒಕ್ಕೂಟದ ತಿಂಗಳ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ಉಳಿತಾಯ, ಸಾಲದ ಕಂತಿನ ಲೆಕ್ಕ ಆಮೇಲೆ ನೋಡೋಣ. ಇವತ್ತು ಕಾಡಿನಿಂದ, ತೋಟದ ಬದಿಯಿಂದ ನಮ್ಮ ಅಡಿಗೆ ಮನೆಗೆ ಬರುವ ಸೊಪ್ಪು-ಗೆಡ್ಡೆಗಳ ವಿಷಯ. ಮೊದಲು ನಮ್ಮ ತಪ್ಪನ್ನೇ ಹೇಳಿಬಿಡ್ತೇವೆ.

ಕೆಲವು ವರ್ಷದ ಹಿಂದೆ ನಾವು ಇದೇ ವಿಷಯಕ್ಕೆ ಒಂದು ದಿನದ ತರಬೇತಿ ಇಟ್ಟಿದ್ದೆವು. ಪಟ್ಟಣದಿಂದ ಸಂಪನ್ಮೂಲ ವ್ಯಕ್ತಿಯನ್ನು ಕರೆಸಿದೆವು, ಗೋಡೆಗೆ ಚಾರ್ಟ್ ಹಾಕಿದೆವು. ಅಣಬೆಯ ಚಿತ್ರವೂ ಅದರಲ್ಲಿತ್ತು. ಹದಿನೈದು ದಿನ ಕಳೆದಿರಲಿಲ್ಲ, ನಮ್ಮ ಸದಸ್ಯೆಯೊಬ್ಬರು ಲೈನ್ ಮನೆಯ ಹಿಂದೆ ಎದ್ದಿದ್ದ ಅಣಬೆ ಕಿತ್ತು ಸಾರು ಮಾಡಿದರು. "ಚಾರ್ಟ್‌ನಲ್ಲಿ ಇದ್ದದ್ದೇ ಅಲ್ವಾ" ಅಂತ ಧೈರ್ಯ. ಉಂಡು ಎರಡು ಗಂಟೆಯೊಳಗೆ ಅವರಿಗೂ ಇಬ್ಬರು ಮಕ್ಕಳಿಗೂ ವಾಂತಿ-ಭೇದಿ. ರಾತ್ರಿ ಮಳೆಯಲ್ಲಿ ಜೀಪು ಹುಡುಕಿ ಆಸ್ಪತ್ರೆ ಸೇರಿಸಿದೆವು. ಮೂವರೂ ಉಳಿದರು. ಎಂಥ ಅಣಬೆ ಅಂತ ಡಾಕ್ಟರು ಕೇಳಿದರೆ ತೋರಿಸಲು ಒಂದು ಚೂರೂ ಉಳಿದಿರಲಿಲ್ಲ.

ಮರುವಾರ ಸಂಘದಲ್ಲಿ ಇದೇ ಮಾತು. ಹಿಂದಿನ ಸಾಲಿನಲ್ಲಿ ಕೂತಿದ್ದ ಎರವರ ಅಜ್ಜಿಯೊಬ್ಬರು ಮೆಲ್ಲಗೆ ಕೇಳಿದರು: "ನೀವು ಬರ್ಕೊಂಡ್ರಿ. ಯಾರಾದ್ರೂ ಮಣ್ಣು ಬಗೆದು ಬೇರು ನೋಡಿದ್ರಾ?" ನಮ್ಮಲ್ಲಿ ಉತ್ತರ ಇರಲಿಲ್ಲ. ತರಬೇತಿಯ ದಿನವೂ ಆ ಅಜ್ಜಿ ಅದೇ ಹಿಂದಿನ ಸಾಲಿನಲ್ಲೇ ಕೂತಿದ್ದರು. ಪಟ್ಟಣದವರಿಗೆ ಗೌರವಧನ ಕೊಟ್ಟೆವು, ಇವರನ್ನು ಒಂದು ಮಾತು ಕೇಳಲಿಲ್ಲ. ಎರವರು, ಜೇನು ಕುರುಬರು, ಬೆಟ್ಟ ಕುರುಬರು ಈ ಕಾಡಿನಲ್ಲಿ ಉಂಡು ಬೆಳೆದವರು. ಅವರ ಹೆಂಗಸರೇ ನಮ್ಮ ಪಕ್ಕದಲ್ಲಿ ಕಾಫಿ ಕುಯ್ಯುತ್ತಿದ್ದರೂ ನಾವು ಕಲಿಯಲು ಪೇಟೆ ಕಡೆ ನೋಡಿದೆವು.

ಆ ಅಜ್ಜಿ ನಮ್ಮನ್ನು ಹುತ್ತದ ಹತ್ತಿರ ಕರೆದುಕೊಂಡು ಹೋದರು. ಹುತ್ತದ ಅಣಬೆಗೆ ಮಣ್ಣಿನೊಳಗೆ ಉದ್ದನೆಯ ಬೇರಿನಂಥ ಕಾಂಡ ಇಳಿದಿರುತ್ತದೆ, ಎಳೆದರೆ ಕಿತ್ತು ಹೋಗುತ್ತದೆ, ಕೈಯಿಂದ ಮಣ್ಣು ಬಿಡಿಸಿ ತೆಗೆಯಬೇಕು. ಬುಡದಲ್ಲಿ ಚೀಲದಂಥ ಪೊರೆ ಕಂಡರೆ ಅದನ್ನು ಮುಟ್ಟಲೇ ಬಾರದು. ಮೇಲಿನ ಕೊಡೆ ನೋಡಿದರೆ ಎರಡೂ ಅಕ್ಕ-ತಂಗಿಯ ಹಾಗೆ. ಚಾರ್ಟ್‌ನಲ್ಲಿ ಇದ್ದದ್ದು ಕೊಡೆ ಮಾತ್ರ. ಈ ಎರಡು ಗುರುತು ನೋಡಿದ ಮೇಲೂ ಅಜ್ಜಿ ಮೂಸಿ, ಮುರಿದು ನೋಡಿ, ಆಮೇಲೆ "ಆಗ್ಬಹುದು" ಅಂದರು. ನಾವು ಬರೀ ಇಷ್ಟು ಕೇಳಿಕೊಂಡು ಕೀಳಲು ಹೊರಟರೆ ಮತ್ತೆ ಅದೇ ಕತೆ.

ಬೆಳ್ಳಿ ನಾಣ್ಯ ಹಾಕಿದರೆ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ಬದಲಾಗುತ್ತದೆ, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಅಂತ ಹೇಳ್ತಾರಲ್ಲ, ಒಂದೂ ನಂಬುವಂಥದ್ದಲ್ಲ. ಬೇಯಿಸಿದರೂ ಹೋಗದ ವಿಷ ಇದೆ. ಬೇಗ ವಾಂತಿ ಆಗುವುದಕ್ಕಿಂತ ತಡವಾಗಿ ಆಗುವುದಕ್ಕೆ ಹೆಚ್ಚು ಹೆದರಬೇಕು. ಆರು ಗಂಟೆ, ಹನ್ನೆರಡು ಗಂಟೆ ಆದ ಮೇಲೆ ಶುರುವಾಗಿ, ಒಂದು ದಿನ ವಾಸಿ ಆದ ಹಾಗೆ ಕಂಡು, ಆಮೇಲೆ ಪಿತ್ತಜನಕಾಂಗವೇ ಕೆಡುವ ಜಾತಿ ಇದೆ. ಸಂಶಯ ಬಂದ ಕೂಡಲೇ ಆಸ್ಪತ್ರೆಗೆ ಓಡಿ, ಉಳಿದ ಅಣಬೆ ಅಥವಾ ಸಾರು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ.

ಗೆಡ್ಡೆಯಲ್ಲೂ ಇದೇ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಮುಡಿಸುವ ತೋಕ್ ಪೂ ಯಾರಿಗೆ ಗೊತ್ತಿಲ್ಲ? ಕೆಂಪು-ಹಳದಿ, ಬೆಂಕಿಯ ಜ್ವಾಲೆಯ ಹಾಗೆ. ಅದರ ಗೆಡ್ಡೆ ಕಡು ವಿಷ. ಹೂ ಬಾಡಿದ ಮೇಲೆ ಅಗೆದರೆ ಕಾಡುಗೆಣಸು ಅಂತ ಮೋಸ ಹೋಗಬಹುದು. ಹಾಗೇ ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯ ಕುಡಿಯುವವರು ನಮ್ಮಲ್ಲೂ ಇದ್ದಾರೆ. ಮುಂಜಾವ ಕತ್ತಲಲ್ಲಿ ಹಾಲೆ ಅಂತ ಕಾಸರಕದ ತೊಗಟೆ ಕೆತ್ತಿ ತಂದರೆ ಪ್ರಾಣಕ್ಕೇ ಕುತ್ತು. ಮರವನ್ನು ಹಿಂದಿನ ದಿನ ಹಗಲಲ್ಲೇ ಗುರುತು ಮಾಡಿ ಬನ್ನಿ.

ಇಷ್ಟು ಹೆದರಿಸಿದ ಮೇಲೆ ತಿನ್ನುವುದೇ ಬೇಡ ಅಂತೀರಾ? ಹಾಗಲ್ಲ. ಕಕ್ಕಡದ ತಿಂಗಳಲ್ಲಿ ತರಕಾರಿ ತುಟ್ಟಿ, ಕೂಲಿಯೂ ಕಡಿಮೆ. ಆಗಲೇ ತೋಡಿನ ಬದಿಯಲ್ಲಿ ತೆರ್ಮೆ ಸೊಪ್ಪು ಸುರುಳಿ ಬಿಡುವುದು, ಬಿದಿರಿನ ಕಳಲೆ ಏಳುವುದು, ಕೆಸು ತುಂಬಿಕೊಳ್ಳುವುದು. ಕಳಲೆಯನ್ನು ತೆಳ್ಳಗೆ ಹೆಚ್ಚಿ, ನೀರು ಬದಲಾಯಿಸುತ್ತಾ ಎರಡು-ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿಯೇ ಪಲ್ಯಕ್ಕೆ ಹಾಕಬೇಕು. ಹಸಿ ಕಳಲೆಯಲ್ಲಿ ವಿಷ ಇರುವುದರಿಂದಲೇ ನಮ್ಮ ಹಿರಿಯರು ಅಷ್ಟು ಕಾಯಿಸುತ್ತಿದ್ದರು. ಒಂದು ಮೆಳೆಯಲ್ಲಿ ಎದ್ದದ್ದೆಲ್ಲ ಕಡಿದರೆ ಮುಂದಿನ ವರ್ಷ ಬಿದಿರು ಎಲ್ಲಿ? ಕೆಸುವಿಗೆ ಹುಳಿ ಸೇರಿಸಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ, ಕಾಚಂಪುಳಿ ಸುಮ್ಮನೆ ಬಂದದ್ದಲ್ಲ. ತೆರ್ಮೆ ಎಷ್ಟು ಚೆಂದ ಕಂಡರೂ ಕಳೆನಾಶಕ ಹೊಡೆದ ತೋಟದ ಕೆಳಗಿನ ತೋಡಿನಿಂದ ತರಬೇಡಿ. ಎಂದು ಹೊಡೆದರು ಅಂತ ರೈಟರನ್ನು ಕೇಳಿ. ಕೇಳಲು ಸಂಕೋಚ ಬೇಡ, ಉಣ್ಣುವುದು ನಮ್ಮ ಮಕ್ಕಳು.

ಕಾಡಿನ ಕಾನೂನೂ ನೆನಪಿರಲಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನದ ಹಕ್ಕು ಇರುವುದು ಬುಡಕಟ್ಟಿನವರಿಗೆ, ಪರಂಪರೆಯಿಂದ ಕಾಡನ್ನೇ ನಂಬಿದವರಿಗೆ. ಉಳಿದ ನಾವು ನಾಗರಹೊಳೆಗೆ ನುಗ್ಗಿ ಚೀಲ ತುಂಬುವಂತಿಲ್ಲ. ನಮ್ಮ ಬದಿ-ಬೇಲಿಯಲ್ಲೇ ಬೇಕಾದಷ್ಟಿದೆ.

ಹೊಸದಾಗಿ ಕಲಿಯುವವರು ಮದ್ದು ಸೊಪ್ಪಿನಿಂದ ಶುರು ಮಾಡಿ. ಕಕ್ಕಡ ಹದಿನೆಂಟು, ಅಂದರೆ ಆಗಸ್ಟ್ 3ಕ್ಕೆ ಅದರಲ್ಲಿ ಹದಿನೆಂಟು ಬಗೆಯ ಮದ್ದು ಸೇರುತ್ತದೆ ಅನ್ನುವುದು ನಂಬಿಕೆ. ಹದಿನೆಂಟು ಹೌದೋ ಅಲ್ಲವೋ, ಬೇಯಿಸಿದ ನೀರು ಕಡು ನೇರಳೆ ಬಣ್ಣ ಬಿಡುವುದು ಕಣ್ಣಿಗೆ ಕಾಣುತ್ತದೆ. ಆ ನೀರಿನಲ್ಲಿ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ. ಮಾರನೇ ದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಅದು ಸೊಪ್ಪಿನ ಬಣ್ಣ. ಸಕ್ಕರೆ ಕಾಯಿಲೆಯ, ಬಿ.ಪಿ.ಯ ಮಾತ್ರೆ ನಿಲ್ಲಿಸಿ ಸೊಪ್ಪು ನಂಬುವುದು ಮಾತ್ರ ಬೇಡ. ಬಸುರಿಯರು ಡಾಕ್ಟರನ್ನು ಕೇಳಿಯೇ ತಿನ್ನಲಿ. ಕಡ್ಡಿ ನೆಟ್ಟರೆ ಹಿಡಿಯುವ ಗಿಡ ಇದು. ಆಗಸ್ಟ್ ಬಂತೆಂದರೆ ಪೇಟೆಯಲ್ಲಿ ಕಟ್ಟು ಕಟ್ಟಾಗಿ ಮಾರಾಟವಾಗುತ್ತದೆ. ಕಾಡು ಬೋಳಿಸದೆ ಹಿತ್ತಲಲ್ಲೇ ಬೆಳೆದರೆ ಸಂಘಕ್ಕೆ ನಾಲ್ಕು ಕಾಸು ಬರುತ್ತದೆ.

ಮುಂದಿನ ಭಾನುವಾರದಿಂದ ನಾಲ್ಕು ವಾರ ಆ ಅಜ್ಜಿಯ ಜೊತೆ ನಡೆಯೋಣ. ಪಟ್ಟಣದವರಿಗೆ ಕೊಟ್ಟಷ್ಟೇ ಗೌರವಧನ ಅವರಿಗೂ ಕೊಡಬೇಕೆಂದು ನಿರ್ಣಯ ಪುಸ್ತಕದಲ್ಲಿ ಬರೆದಾಗಿದೆ, ಸಹಿ ಹಾಕದವರು ಇವತ್ತು ಹಾಕಿ ಹೋಗಿ. ಬೆಳಿಗ್ಗೆ ಎಂಟಕ್ಕೆ ಬಸ್ ನಿಲ್ದಾಣದ ಹತ್ತಿರ ಸೇರೋಣ. ಜಿಗಣೆಗೆ ಉಪ್ಪು ತನ್ನಿ. ಕತ್ತಿ, ಚೀಲ ಬೇಡ. ಮೊದಲ ವಾರ ನೋಡುವುದು ಮಾತ್ರ, ಏನನ್ನೂ ಕೀಳುವುದಿಲ್ಲ ಅಂತ ಅಜ್ಜಿ ಆಗಲೇ ಹೇಳಿಬಿಟ್ಟಿದ್ದಾರೆ.