ತೀರ್ಪಿಗೆ ಮುನ್ನ ಸಂವಿಧಾನವೇ ಬದಲಾದರೆ?



ಕೋರ್ಟಿನ ಮೆಟ್ಟಿಲು ಹತ್ತಿದವನಿಗೆ ಒಂದು ನಂಬಿಕೆ ಇರುತ್ತದೆ. ದಾವೆ ಹೂಡಿದ ದಿನ ಯಾವ ಕಾನೂನು ಇತ್ತೋ ಅದರಂತೆಯೇ ತನ್ನ ಹಕ್ಕು ತೀರ್ಮಾನವಾಗುತ್ತದೆ ಎಂಬುದೇ ಆ ನಂಬಿಕೆ. ಸಾಮಾನ್ಯವಾಗಿ ಅದು ಸರಿಯೇ. ವಿಚಾರಣೆಯ ಕ್ರಮ ಬದಲಾದರೆ ಬಾಕಿ ಇರುವ ಮೊಕದ್ದಮೆಗೂ ಅನ್ವಯಿಸಬಹುದು. ಆದರೆ ಹಕ್ಕನ್ನೇ ಮುಟ್ಟುವ ಹೊಸ ಕಾನೂನು, ಹಾಗೆಂದು ಅದರಲ್ಲೇ ಸ್ಪಷ್ಟವಾಗಿದ್ದ ಹೊರತು, ಹಿಂದಿನದಕ್ಕೆ ತಗಲುವುದಿಲ್ಲ. ಆದರೆ ಎಲ್ಲ ಕಾನೂನುಗಳಿಗೂ ಆಧಾರವಾದ ಸಂವಿಧಾನವೇ ವಿಚಾರಣೆಯ ನಡುವೆ ಬದಲಾದರೆ ಏನು ಗತಿ?

ಈ ಪ್ರಶ್ನೆ ಕನ್ನಡಿಗರ ಅಂಗಳದಲ್ಲೇ ಎದ್ದಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಹೀಗಾಗಿ ಅಲ್ಲಿನ ಎಡನೀರು ಮಠದ ಜಮೀನುಗಳಿಗೆ ಕೇರಳದ ಭೂಸುಧಾರಣಾ ಕಾನೂನು ಅನ್ವಯಿಸಿತು. ಮಠಾಧೀಶರಾಗಿದ್ದ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಆಗ ಅದು ಕೇವಲ ಜಮೀನಿನ ತಕರಾರು.

ಅರ್ಜಿ ಬಾಕಿ ಇರುವಾಗಲೇ ಸಂಸತ್ತು ಸಂವಿಧಾನಕ್ಕೆ ಕೈ ಹಾಕಿತು. 1971ರ 24ನೇ ತಿದ್ದುಪಡಿ, ಮೂಲಭೂತ ಹಕ್ಕುಗಳನ್ನೂ ಬದಲಿಸುವ ಅಧಿಕಾರ ತನಗುಂಟೆಂದು ಸಾರಿತು. 1972ರ 25ನೇ ತಿದ್ದುಪಡಿ ಆಸ್ತಿ ಹಕ್ಕನ್ನು ಮೊಟಕುಗೊಳಿಸಿತು. ಅದೇ ವರ್ಷದ 29ನೇ ತಿದ್ದುಪಡಿಯಂತೂ ಸ್ವಾಮೀಜಿಯವರ ಅರ್ಜಿಯ ಬುಡಕ್ಕೇ ಕೊಡಲಿಯಿಟ್ಟಿತು. ಕೇರಳದ 1969 ಮತ್ತು 1971ರ ಭೂಸುಧಾರಣಾ ತಿದ್ದುಪಡಿ ಕಾಯಿದೆಗಳನ್ನು ಅದು ಒಂಬತ್ತನೇ ಅನುಸೂಚಿಗೆ ಸೇರಿಸಿತು. ಆ ಪಟ್ಟಿ ಸೇರಿದ ಕಾನೂನನ್ನು ಮೂಲಭೂತ ಹಕ್ಕಿಗೆ ವಿರುದ್ಧವೆಂದು ರದ್ದುಪಡಿಸುವಂತಿಲ್ಲ. ಈ ರಕ್ಷಣೆ ಹಿಂದಿನಿಂದಲೇ ಜಾರಿಗೆ ಬಂದಂತೆ ಲೆಕ್ಕ.

ಅರ್ಜಿದಾರರಿಗೆ ಉಳಿದಿದ್ದುದು ಒಂದೇ ದಾರಿ. ಕಾನೂನನ್ನಲ್ಲ, ತಿದ್ದುಪಡಿಯನ್ನೇ ಪ್ರಶ್ನಿಸುವುದು. ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಆಲಿಸಿತು. ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ ಅವರೂ ಆ ಪೀಠದಲ್ಲಿದ್ದರು. 1973ರ ಏಪ್ರಿಲ್ 24ರಂದು 7-6ರ ಬಹುಮತದ ತೀರ್ಪು ಹೊರಬಿತ್ತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಅದೇ ತೀರ್ಪು 29ನೇ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಜಮೀನು ಉಳಿಸಿಕೊಳ್ಳುವ ಮಠದ ಉದ್ದೇಶ ಈಡೇರಲಿಲ್ಲ. ದೇಶಕ್ಕೆ ಒಂದು ತತ್ವ ದಕ್ಕಿತು.

ಎರಡೇ ವರ್ಷದಲ್ಲಿ ಆ ತತ್ವಕ್ಕೆ ಪರೀಕ್ಷೆ ಎದುರಾಯಿತು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್, ಪ್ರಧಾನಿ ಇಂದಿರಾ ಗಾಂಧಿಯವರ ರಾಯ್‌ಬರೇಲಿ ಆಯ್ಕೆಯನ್ನು ಅಸಿಂಧುಗೊಳಿಸಿತು. ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿತ್ತು. ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು, ವಿರೋಧ ಪಕ್ಷದ ಅನೇಕ ನಾಯಕರು ಸೆರೆಮನೆಯಲ್ಲಿದ್ದರು. ಆಗಸ್ಟ್ 10ರಂದು, ವಿಚಾರಣೆಯ ಮುನ್ನಾದಿನ, 39ನೇ ತಿದ್ದುಪಡಿ ಜಾರಿಗೆ ಬಂತು. ಅದರ ಪ್ರಕಾರ ಹೈಕೋರ್ಟ್ ಏನೇ ಹೇಳಿದ್ದರೂ ಆ ಆಯ್ಕೆ ಸಿಂಧು. ಬಾಕಿ ಇರುವ ಮೇಲ್ಮನವಿಯೂ ಅದಕ್ಕೆ ಅನುಗುಣವಾಗಿಯೇ ಇತ್ಯರ್ಥವಾಗಬೇಕು!

ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ಹೊಡೆದುಹಾಕಿತು. ಆದರೂ ಇಂದಿರಾ ಅವರ ಆಯ್ಕೆ ಉಳಿಯಿತು. ಚುನಾವಣಾ ಕಾನೂನನ್ನೂ ಸಂಸತ್ತು ಆಗಲೇ ಪೂರ್ವಾನ್ವಯವಾಗುವಂತೆ ತಿದ್ದಿತ್ತು. ಆ ತಿದ್ದುಪಡಿಯನ್ನು ಕೋರ್ಟು ಒಪ್ಪಿತು.

ಇದು ವಿಚಿತ್ರವೆನಿಸಬಹುದು. ಗೆದ್ದವರು ಅವರೇ ಆದ ಮೇಲೆ ವ್ಯತ್ಯಾಸವೇನು ಬಂತು ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸವಿದೆ. ಕಾನೂನನ್ನು ಬದಲಿಸುವುದು ಶಾಸಕಾಂಗದ ಕೆಲಸ. ಬದಲಾದ ಕಾನೂನನ್ನು ಬಾಕಿ ಮೊಕದ್ದಮೆಗೆ ಅನ್ವಯಿಸಿ ನೋಡುವುದು ನ್ಯಾಯಾಲಯದ ಕೆಲಸ. ಯಾವ ಕಾನೂನನ್ನೂ ಅನ್ವಯಿಸದೆ, ಯಾರ ವಾದವನ್ನೂ ಕೇಳದೆ ‘ಇವರೇ ಗೆದ್ದರು’ ಎಂದು ಸಂಸತ್ತು ಘೋಷಿಸಿದರೆ, ಅದು ಕಾನೂನು ರಚನೆಯಲ್ಲ, ತೀರ್ಪು. ಆ ಗೆರೆಯನ್ನು ದಾಟಬಾರದೆಂದು ಕೋರ್ಟು ಹೇಳಿತು. 1978ರ 44ನೇ ತಿದ್ದುಪಡಿ ಆ ವಿಧಿಯನ್ನು ಸಂವಿಧಾನದಿಂದಲೇ ಕಿತ್ತುಹಾಕಿತು.

ಎಡನೀರಿನ ಮೊಕದ್ದಮೆಯ ತೀರ್ಪಿನ ದಿನವೇ ಮುಂದೆ ಗಡಿಕಲ್ಲಾಯಿತು. 1973ರ ಏಪ್ರಿಲ್ 24ರಿಂದ ಈಚೆಗೆ ಒಂಬತ್ತನೇ ಅನುಸೂಚಿಗೆ ಸೇರಿದ ಕಾನೂನುಗಳು ಮೂಲ ಸ್ವರೂಪದ ಪರೀಕ್ಷೆಗೆ ಒಳಪಟ್ಟಿವೆ ಎಂಬುದನ್ನು 2007ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಚಿತಪಡಿಸಿತು.

ಸ್ವಾಮೀಜಿ 2020ರಲ್ಲಿ ತೀರಿಕೊಂಡರು. ಮೊಕದ್ದಮೆಯ ನಡುವೆ ಕಾನೂನು ಬದಲಾಯಿತೆಂದು ಕಂಗಾಲಾದ ಯಾವ ಕಕ್ಷಿದಾರನೂ ಇಂದು ಕೇಳಬಹುದಾದ ಪ್ರಶ್ನೆ ಅವರ ಅರ್ಜಿಯಿಂದಲೇ ಬಂದದ್ದು: ಬದಲಾದದ್ದು ಕಾನೂನೋ, ಅಥವಾ ತೀರ್ಪೋ?