ಕಡಲಿನ ಬಣ್ಣಕ್ಕೂ ಕನ್ನಡದ ಹೆಸರು ಬೇಕು

(ಬಾದನಹಟ್ಟಿಯ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಗಡಿ, ನೀರು, ನೌಕರಿಯ ಬಗ್ಗೆ ಗುಡುಗಬೇಕಾದ ವೇದಿಕೆಯಲ್ಲಿ ಇವನೇನು ಚಿತ್ರಕಲೆಯ ಮಾತು ತೆಗೆದ ಎಂದು ಮೂಗು ಮುರಿಯಬೇಡಿ. ಗಡಿಯಷ್ಟೇ ಗಟ್ಟಿ ವಿಷಯ ಇದು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ ಎಂಬ ಹೆಸರನ್ನು ಇಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು, ಪ್ಯಾರಿಸ್ಸಿಗೂ ಹೋಗಿ ಕಲಿತು ಬಂದರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. 1996ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ಪರದೇಶದ ಶಾಲೆಯನ್ನು ಕಂಡರೂ ಅವರು ಪರದೇಶದ ನಕಲುಗಾರರಾಗಲಿಲ್ಲ. ಜೈನ ಹಸ್ತಪ್ರತಿಗಳ ಚಿತ್ರ, ಅಜಂತೆಯ ಗೋಡೆ, ಅಮೃತಾ ಶೇರ್‌ಗಿಲ್ಲರ ಬಣ್ಣ, ಫ್ರಾನ್ಸಿನ ಗೊಗ್ಯಾಂನ ಧೈರ್ಯ, ಎಲ್ಲವನ್ನೂ ಅರಗಿಸಿಕೊಂಡು ಕರಾವಳಿಯ, ಮಲಬಾರಿನ ನೋಟಗಳನ್ನು ಗಾಢ ಬಣ್ಣದಲ್ಲಿ ಬರೆದರು.

ಗಾಢ ಬಣ್ಣ ಎಂದರೆ ಸುಮ್ಮನೆ ಬಳಿದದ್ದಲ್ಲ. ಕರಾವಳಿಯ ನೆಲವೇ ಹಾಗಿದೆ. ಮುರಕಲ್ಲಿನ ಕೆಂಪು, ಅದಕ್ಕೆ ತಾಗಿಕೊಂಡೇ ಗದ್ದೆಯ ಹಸಿರು. ಕೆಂಪಿನ ಪಕ್ಕ ಹಸಿರಿಟ್ಟರೆ ಎರಡೂ ಒಂದಕ್ಕೊಂದು ಸವಾಲು ಹಾಕಿ ಇನ್ನಷ್ಟು ಉರಿಯುತ್ತವೆ. ಈ ಗುಟ್ಟು ನಿಮಗೂ ಗೊತ್ತು. ಕಣದಲ್ಲಿ ಹರವಿದ ಮೆಣಸಿನಕಾಯಿಯ ಕೆಂಪು, ಬದುವಿನಾಚೆಯ ಭತ್ತದ ಹಸಿರಿನ ಎದುರು ಹೇಗೆ ಕಣ್ಣಿಗೆ ಹೊಡೆಯುತ್ತದೆ ನೋಡಿಲ್ಲವೇ?

ಕಡಲು ನಮಗೆ ದೂರ, ನಿಜ. ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ. ಆದರೆ ಪರಕೀಯವಲ್ಲ. ಕಡಲ ಚಿತ್ರದಲ್ಲಿ ಕಪ್ಪಾಗಿ ಕವಿದು ನಿಂತ ಆಷಾಢದ ಮೋಡವೇ ಘಟ್ಟ ಹತ್ತಿ ಸುರಿದು, ತುಂಗೆಯಾಗಿ ಭದ್ರೆಯಾಗಿ ಕೂಡಿ, ಹೊಸಪೇಟೆಯ ಅಣೆಕಟ್ಟಿಗೆ ಬಂದು ನಿಮ್ಮ ಕಾಲುವೆಗೆ ಇಳಿಯುವುದು. ಚರಿತ್ರೆಯಲ್ಲೂ ನಾವು ಒಂದೇ ಮನೆಯ ಸಂಕಟ ಉಂಡವರು. ಬಳ್ಳಾರಿಯೂ ಮದರಾಸಿನ ಕೈಕೆಳಗಿತ್ತು, ದಕ್ಷಿಣ ಕನ್ನಡವೂ ಇತ್ತು. ನಾವು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದೆವು. ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಅವರು 1956ರಲ್ಲಿ ಸೇರಿದರು. ಕಾಸರಗೋಡು ಕೇರಳದ ಪಾಲಾಯಿತು. ತುಂಡಾದ ನೋವು ಇಬ್ಬರದೂ ಒಂದೇ.

ಹಾಗಿದ್ದೂ ಹೆಬ್ಬಾರರ ಚಿತ್ರ ಬಾದನಹಟ್ಟಿಗೆ ಬರಲಿಲ್ಲ. ಚಿತ್ರಕ್ಕೆ ಭಾಷೆಯಿಲ್ಲ, ಯಾರು ಬೇಕಾದರೂ ನೋಡಬಹುದು ಎಂದು ನಗರದ ಪಂಡಿತರು ಹೇಳುತ್ತಾರೆ. ಒಪ್ಪೋಣ. ಆದರೆ ಚಿತ್ರದ ಕೆಳಗಿನ ಚೀಟಿಗೆ ಭಾಷೆ ಇದೆ! ಪ್ರದರ್ಶನದ ಕೈಪಿಡಿಗೆ ಭಾಷೆ ಇದೆ! ವಿವರಿಸಲು ನಿಂತವನ ಬಾಯಿಗೆ ಭಾಷೆ ಇದೆ! ಎಷ್ಟೋ ಕಡೆ ಆ ಮೂರೂ ಇಂಗ್ಲಿಷೇ. ಹಳ್ಳಿಯಿಂದ ಹೋದ ಹುಡುಗ ಆ ಚೀಟಿ ನೋಡಿ, ಇದು ನಮ್ಮಂಥವರಿಗಲ್ಲ ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಚಿತ್ರ ಅವನನ್ನು ದೂಡಲಿಲ್ಲ, ಚೀಟಿ ದೂಡಿತು.

ಕನ್ನಡದಲ್ಲಿ ಮಾತಿಲ್ಲವೇ? ಶಿವರಾಮ ಕಾರಂತರು 1930ರಲ್ಲೇ ‘ಭಾರತೀಯ ಚಿತ್ರಕಲೆ’ ಎಂಬ ಪುಸ್ತಕವನ್ನು ಕನ್ನಡದಲ್ಲಿ ಬರೆದರು. ಬಣ್ಣದ ಹೆಸರಿಗೆ ಬರವೇ? ಇಂಗಳೀಕ, ಕಾವಿ, ಕೆಮ್ಮಣ್ಣು, ಗಿಳಿಹಸಿರು, ಪಾಚಿ, ನೇರಳೆ, ಬೂದು, ಅರಿಶಿನ! ಸೀರೆ ಕೊಳ್ಳುವ ನಮ್ಮ ಅವ್ವಂದಿರನ್ನು ಕೇಳಿ, ಇನ್ನೂ ಇಪ್ಪತ್ತು ಹೇಳುತ್ತಾರೆ. ಮೊಮ್ಮಗನಿಗೆ ಮಾತ್ರ ಶಾಲೆಯ ಬಣ್ಣದ ಡಬ್ಬಿಯ ಇಂಗ್ಲಿಷ್ ಹೆಸರು. ಹೆಸರು ಹೋದ ಮೇಲೆ ಆ ಬಣ್ಣವನ್ನು ಬೇರೆಯಾಗಿ ಗುರುತಿಸುವ ಕಣ್ಣೂ ಮಂಕಾಗುತ್ತದೆ.

ಕಣ್ಣಿಲ್ಲದ ಜನವೂ ನಾವಲ್ಲ. ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳ ಬಂಡೆಯ ಮೇಲೆ ನವಶಿಲಾಯುಗದ ಜನ ಗೂಳಿಗಳನ್ನು ಕೊರೆದಿಟ್ಟ ಜಿಲ್ಲೆ ಇದು. ತೊಗಲುಗೊಂಬೆಯ ಕೆಂಪು ಕಪ್ಪನ್ನು ದೀಪದ ಮುಂದೆ ಕುಣಿಸಿದ ಬೆಳಗಲ್ಲು ವೀರಣ್ಣನವರ ಜಿಲ್ಲೆ ಇದು. ಆ ಗೊಂಬೆಯನ್ನು ಇಡೀ ರಾತ್ರಿ ನೋಡಿದವರಿಗೆ ಹೆಬ್ಬಾರರ ಚಿತ್ರ ಅರ್ಥವಾಗದು ಎನ್ನಲು ಯಾರಿಗೆ ಹಕ್ಕಿದೆ?

ಅಂಗಡಿಯ ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಹೋರಾಟಕ್ಕೆ ಸಿಕ್ಕ ಫಲ ಅದು. ಆದರೆ ಬಾಗಿಲ ಮೇಲಿನ ಕನ್ನಡ ಬಾಗಿಲ ಒಳಗೂ ಬರಬೇಡವೇ? ಆದ್ದರಿಂದ ಈ ಸಭೆ ಮೂರು ಒತ್ತಾಯ ಮಾಡಲಿ. ಒಂದು, ಸರ್ಕಾರದ ಹಣದಲ್ಲಿ ನಡೆಯುವ ಪ್ರತಿ ಕಲಾ ಗ್ಯಾಲರಿ, ಪ್ರತಿ ಪ್ರದರ್ಶನದ ಚೀಟಿ, ಕೈಪಿಡಿ ಮೊದಲು ಕನ್ನಡದಲ್ಲಿರಲಿ. ಎರಡು, ಹೆಬ್ಬಾರರು ನಾಡಿಗೆ ದಾನವಾಗಿ ಕೊಟ್ಟ ಕೃತಿಗಳು ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯಲ್ಲಿವೆ. ಅವುಗಳ ಒಳ್ಳೆಯ ಬಣ್ಣದ ಪ್ರತಿಗಳು ಕುರುಗೋಡು, ಸಿರುಗುಪ್ಪದ ಗ್ರಂಥಾಲಯಗಳ ಗೋಡೆಗೂ ಬರಲಿ. ಮೂರು, ನಮ್ಮ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಮೇಷ್ಟರ ಹುದ್ದೆ ಖಾಲಿ ಬೀಳದಿರಲಿ; ಅವರು ಬಣ್ಣದ ಹೆಸರನ್ನು ಕನ್ನಡದಲ್ಲೇ ಕಲಿಸಲಿ.

ಬಂಧುಗಳೇ, ಕಡಲು ಕಾಣದ ಊರಿನ ಮಗುವೊಂದು ಆ ಚಿತ್ರದ ಮುಂದೆ ನಿಂತು, “ಅಪ್ಪಾ, ಇದು ಕೆಮ್ಮಣ್ಣು, ಇದು ಗಿಳಿಹಸಿರು, ಇದು ನಮ್ಮ ಕಾಲುವೆಗೆ ಬರೋ ಮೋಡ” ಎನ್ನಬೇಕು. ಆ ದಿನ ಕರಾವಳಿಯೂ ಬಯಲುಸೀಮೆಯೂ ನಿಜವಾಗಿ ಒಂದಾದವು ಎಂದು ತಿಳಿಯೋಣ.

ಸಿರಿಗನ್ನಡಂ ಗೆಲ್ಗೆ!