ಗಿಟಾರಿನ ಕತ್ತಿಗೊಂದು ಕೇಪೋ
(ಸಂಘದ ಸಂಗೀತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ವೇದಿಕೆಯಲ್ಲಿ ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ನಾವು ಈ ದಿನ ಎತ್ತಿಕೊಂಡಿರುವ ವಿಷಯವಾದರೋ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಗಿಟಾರಿನ ಕತ್ತಿಗೆ ಕಚ್ಚಿಸುವ ಒಂದು ಚಿಮಟ. ಅದಕ್ಕೆ ಕೇಪೋ ಎಂದು ಹೆಸರು. ಇಟಲಿಯವರ 'ಕಾಪೊ ತಾಸ್ತೊ' ಎಂಬ ಮಾತಿನ ಮೊಟಕು ರೂಪವಿದು. ಅವರ ಭಾಷೆಯಲ್ಲಿ 'ಕಾಪೊ' ಎಂದರೆ ತಲೆ. ರಾಜ್ಯೋತ್ಸವಕ್ಕೂ ಈ ಚಿಮಟಕ್ಕೂ ಎತ್ತಣ ನಂಟೆಂದು ಮುಂದಿನ ಸಾಲಿನ ಹಿರಿಯರು ಹುಬ್ಬೇರಿಸುತ್ತಿರುವುದು ನಮಗೆ ಕಾಣುತ್ತಿದೆ. ನಂಟು ಇದೆ, ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಮುಲುಂಡ, ಡೊಂಬಿವಲಿ, ಮೀರಾರೋಡ್, ವಾಶಿ ಎಂದು ಹಂಚಿಹೋಗಿರುವ ನಮ್ಮ ಮನೆಗಳಲ್ಲಿ ಕನ್ನಡ ಓದಬಲ್ಲ ಮಕ್ಕಳಿಗಿಂತ ಕನ್ನಡ ಹಾಡಬಲ್ಲ ಮಕ್ಕಳು ಹೆಚ್ಚು. ಅಕ್ಷರ ಗೊತ್ತಿಲ್ಲದಿದ್ದರೂ ಭಾವಗೀತೆ, ವಚನ, ದಾಸರ ಪದ ಬಾಯಿಗೆ ಬಂದಿರುತ್ತವೆ. ತಾಯಿಯಿಂದಲೋ ಅಜ್ಜಿಯಿಂದಲೋ ಬಂದದ್ದು. ಅದೇ ಮಕ್ಕಳು ಶಾಲೆಯ ಗೆಳೆಯರನ್ನು ನೋಡಿ ಗಿಟಾರು ಕಲಿಯುತ್ತಾರೆ. ಈ ಊರಿನಲ್ಲಿ ಗಿಟಾರು ಪರಕೀಯ ವಾದ್ಯವೇನೂ ಅಲ್ಲ. ಬಾಂದ್ರಾದ ಓಣಿಗಳಲ್ಲಿಯೂ ಗೋವೆಯ ವಾದ್ಯಗಾರರು ತುಂಬಿದ್ದ ಹಿಂದೀ ಚಿತ್ರಗಳ ವಾದ್ಯವೃಂದದಲ್ಲಿಯೂ ಅದು ಬೇರೂರಿ ಎಷ್ಟೋ ಕಾಲವಾಯಿತು. ಗಾಯಕರೆಂದು ಹೆಸರಾದ ಭೂಪಿಂದರ್ ಸಿಂಗರು 1971ರ 'ಹರೇ ರಾಮ ಹರೇ ಕೃಷ್ಣ' ಚಿತ್ರದಲ್ಲಿ ಗಿಟಾರು ನುಡಿಸಿದವರು ಎಂಬುದನ್ನು ಇಲ್ಲಿ ಕೆಲವರಾದರೂ ಬಲ್ಲರು.

ಈಗ ತೊಡಕು ಎಲ್ಲಿ ಬರುತ್ತದೆ ಎಂದರೆ, ಮಗ ಗಿಟಾರು ಹಿಡಿದು ಕುಳಿತು, "ಅಮ್ಮಾ, ನೀನು ಹಾಡು" ಎಂದಾಗ. ಅವನಿಗೆ ತಿಳಿದ ಕಾರ್ಡುಗಳು, ಅಂದರೆ ಒಟ್ಟಿಗೆ ಮಿಡಿಯುವ ಸ್ವರಗಳ ಗೊಂಚಲುಗಳು, ನಾಲ್ಕೋ ಐದೋ. ತಾಯಿಯ ಕಂಠ ನಿಲ್ಲುವುದು ಕರಿ ನಾಲ್ಕರಲ್ಲಿ. ಇಲ್ಲಿಯವರ ಮಾತಿನಲ್ಲಿ 'ಕಾಳೀ ಚಾರ್', ನಮ್ಮ ದಕ್ಷಿಣದ ಪಿಟೀಲಿನವರ ಮಾತಿನಲ್ಲಿ ಐದೂವರೆ ಶ್ರುತಿ. ಆ ಶ್ರುತಿಗೆ ಬರಿಗೈಯಲ್ಲಿ ಕಾರ್ಡು ಹಿಡಿಯಬೇಕಾದರೆ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿಹಿಡಿಯಬೇಕು. ಹನ್ನೆರಡು ವರ್ಷದ ಹುಡುಗನ ಬೆರಳಿಗೆ ಅದು ಶಿಕ್ಷೆ. ಕೊನೆಗೆ ತಾಯಿಯೇ ಮಗನ ಶ್ರುತಿಗೆ ಇಳಿದು ಹಾಡುತ್ತಾಳೆ; ಮಂದ್ರದಲ್ಲಿ ಸ್ವರ ಕೇಳಿಸುವುದಿಲ್ಲ, ಮಧ್ಯದಲ್ಲಿ ಜೀವ ಬರುವುದಿಲ್ಲ. ಎರಡು ದಿನ ಹಾಡಿ, "ನನ್ನ ಗಂಟಲು ಹೋಯಿತಪ್ಪ" ಎಂದು ಅಡುಗೆಮನೆಗೆ ನಡೆಯುತ್ತಾಳೆ. ಗಂಟಲು ಹೋಗಿರುವುದಿಲ್ಲ, ಶ್ರುತಿ ತಪ್ಪಿರುತ್ತದೆ, ಅಷ್ಟೇ.

ಕೇಪೋ ಮಾಡುವ ಉಪಕಾರ ಇಲ್ಲಿಯೇ. ಗಿಟಾರಿನ ಕತ್ತಿನ ಮೇಲಿರುವ ಲೋಹದ ಮೆಟ್ಟಿಲುಗಳು, ವೀಣೆಯ ಮೆಟ್ಟಿಲುಗಳಂತೆ, ಒಂದೊಂದೂ ಅರ್ಧ ಸ್ವರದ ಅಂತರದಲ್ಲಿವೆ. ಹನ್ನೆರಡು ಹತ್ತಿದರೆ ಮೇಲಿನ ಷಡ್ಜ. ಅರವತ್ತೈದು ಸೆಂಟಿಮೀಟರ್ ಉದ್ದದ ತಂತಿಯಾದರೆ ಮೊದಲ ಮೆಟ್ಟಿಲು ಸುಮಾರು 3.6 ಸೆಂಟಿಮೀಟರಿನಷ್ಟು ತಂತಿಯನ್ನು ಕಡಿಮೆ ಮಾಡುತ್ತದೆ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ ತರುತ್ತದೆ. ಕೇಪೋವನ್ನು ಒಂದು ಮೆಟ್ಟಿಲಿನ ಹಿಂದೆ ಕಚ್ಚಿಸಿದರೆ ಆರು ತಂತಿಗಳೂ ಏಕಕಾಲಕ್ಕೆ ಅಷ್ಟು ಗಿಡ್ಡವಾಗುತ್ತವೆ. ಬೆರಳುಗಳ ವಿನ್ಯಾಸ ಹಳೆಯದೇ, ಹೊರಡುವ ನಾದ ಮಾತ್ರ ಏರಿದ್ದು. ಸ್ಕೇಲ್ ಚೇಂಜರ್ ಹಾರ್ಮೋನಿಯಂ ನೋಡಿದವರಿಗೆ ಇದು ಹೊಸತೆನ್ನಿಸದು. ಅಲ್ಲಿ ಮನೆಗಳ ಪಟ್ಟಿಯನ್ನೇ ಪಕ್ಕಕ್ಕೆ ಸರಿಸುತ್ತೇವೆ. ಇಲ್ಲಿ ತಂತಿಯ ಮೂಲವನ್ನೇ ಮುಂದಕ್ಕೆ ತರುತ್ತೇವೆ.

ಲೆಕ್ಕ ಸುಲಭ. ಜಿ ಎಂಬ ಕಾರ್ಡು ಬಿಳಿ ಐದರದು. ಕೇಪೋವನ್ನು ಮೊದಲ ಮೆಟ್ಟಿಲಿಗೆ ಹಾಕಿ ಅದನ್ನೇ ಹಿಡಿದರೆ ಕರಿ ನಾಲ್ಕು. ಮೂರನೆಯದಕ್ಕೆ ಹಾಕಿದರೆ ಕರಿ ಐದು. ಹೆಂಗಸರ ಕಂಠಕ್ಕೆ ಬಹುಮಟ್ಟಿಗೆ ಇಷ್ಟು ಸಾಕು. ಗಂಡಸರು ಕರಿ ಒಂದರಲ್ಲಿ ಹಾಡುವವರಾದರೆ ಸಿ ಕಾರ್ಡಿನ ವಿನ್ಯಾಸ ಮತ್ತು ಮೊದಲ ಮೆಟ್ಟಿಲು. ಕರಿ ಎರಡಾದರೆ ಡಿ ವಿನ್ಯಾಸ ಮತ್ತು ಮೊದಲ ಮೆಟ್ಟಿಲು. ಕೇಪೋ ಶ್ರುತಿಯನ್ನು ಏರಿಸಬಲ್ಲದು, ಇಳಿಸಲಾರದು ಎಂಬುದನ್ನು ಮಾತ್ರ ಮರೆಯಬಾರದು. ಜಿ ಎತ್ತರವಾಯಿತು, ಬಿಳಿ ಮೂರು ಬೇಕು ಎನ್ನುವವರು ಡಿ ವಿನ್ಯಾಸಕ್ಕೆ ಹೋಗಿ ಎರಡನೆಯ ಮೆಟ್ಟಿಲಿಗೆ ಕಚ್ಚಿಸಿಕೊಳ್ಳಬೇಕು.

ಇನ್ನೊಂದು ಲಾಭವುಂಟು, ಅದು ನಮ್ಮ ಸಂಗೀತಕ್ಕೇ ಸಂಬಂಧಿಸಿದ್ದು. ಜಿ ವಿನ್ಯಾಸದಲ್ಲಿ ನಡುವಿನ ಮೂರು ತಂತಿಗಳನ್ನು ಬೆರಳು ಮುಟ್ಟುವುದಿಲ್ಲ. ಆ ಮೂರು ನುಡಿಯುವುದು ಪಂಚಮ, ಷಡ್ಜ, ಗಾಂಧಾರ. ಕೇಪೋ ಎಲ್ಲಿದ್ದರೂ ಇವು ತೆರೆದೇ ಮೊಳಗುತ್ತಿರುತ್ತವೆ, ಬಡವರ ತಂಬೂರಿಯಂತೆ. ನಮ್ಮ ಹಾಡುಗಳಿಗೆ ಬೇಕಾದದ್ದು ಹೆಚ್ಚಾಗಿ ಇಷ್ಟೇ. ಗಳಿಗೆಗೊಂದು ಕಾರ್ಡು ಬದಲಿಸಿ ಹಾಡನ್ನು ಅಲುಗಾಡಿಸುವ ಅಭ್ಯಾಸವನ್ನು ನಾವು ಮೆಚ್ಚುವವರಲ್ಲ. ಸಿಂಧುಭೈರವಿಯ ಧಾಟಿಯ ಹಾಡಿಗಂತೂ ಷಡ್ಜ ಪಂಚಮಗಳನ್ನು ಮಾತ್ರ ಮಿಡಿದು ಕೈಕಟ್ಟಿ ಕುಳಿತರೆ ಗಿಟಾರಿನವನಿಗೆ ಪುಣ್ಯ ಬರುತ್ತದೆ.

ಕೆಲವು ಎಚ್ಚರಿಕೆಗಳು. ಮೆಟ್ಟಿಲಿನ ಮೇಲೆಯೇ ಕಚ್ಚಿಸಿದರೆ ನಾದ ಮಂಕು. ತೀರ ಹಿಂದೆ ಹಾಕಿದರೆ ತಂತಿ ಕಿರಗುಟ್ಟುತ್ತದೆ. ಮೆಟ್ಟಿಲಿಗೆ ಒತ್ತಿಕೊಂಡು ಹಿಂದೆ ಇರಬೇಕು. ಬಿಗಿ ಅತಿಯಾದರೆ ತಂತಿಗಳು ಎಳೆದುಕೊಂಡು ಶ್ರುತಿ ಏರುತ್ತದೆ. ಹಾಕಿದ ಮೇಲೆ ಮತ್ತೊಮ್ಮೆ ಶ್ರುತಿ ನೋಡಿಕೊಳ್ಳಲೇಬೇಕು. ನುಡಿಸಿ ಮುಗಿದ ಮೇಲೆ ತೆಗೆದಿಡುವುದು ಲೇಸು. ಈ ಊರಿನ ಮಳೆಗಾಲದಲ್ಲಿ ತಂತಿಗೆ ತುಕ್ಕು, ಮರಕ್ಕೆ ತೇವ ಹೇಗೂ ತಪ್ಪಿದ್ದಲ್ಲ.

ಶ್ರುತಿಗಾಗಿ ಇಷ್ಟು ಗಲಾಟೆಯೇ ಎನ್ನಬಹುದು. 1930ರ ದಶಕದಲ್ಲಿ ಬೆಳಗಾವಿಯ ಕಡೆಯಿಂದ ಒಬ್ಬ ಕನ್ನಡದ ಹುಡುಗ ಈ ಊರಿಗೆ ಬಂದು ಬಿ. ಆರ್. ದೇವಧರರ ಶಾಲೆಯಲ್ಲಿ ಕಲಿತ. ಅವರೇ ಕುಮಾರ ಗಂಧರ್ವರು. ತಂಬೂರಿ ಕೂಡಿಸುವುದರಲ್ಲಿ ಅವರ ಶ್ರದ್ಧೆ ದೇಶಕ್ಕೆಲ್ಲ ತಿಳಿದದ್ದು. ಇತ್ತ ಯಕ್ಷಗಾನದಲ್ಲಿ ಭಾಗವತರ ಕಂಠಕ್ಕೆ ಚೆಂಡೆ ಮದ್ದಳೆಗಳು ಹೊಂದಿಕೊಳ್ಳುತ್ತವೆಯೇ ಹೊರತು ಚೆಂಡೆಗೆ ಭಾಗವತರು ಹೊಂದಿಕೊಳ್ಳುವುದಿಲ್ಲ. ಲೋಕಲ್ ಗಾಡಿಯ ಭಜನೆ ಮಾತ್ರ ಇದಕ್ಕೆ ಅಪವಾದ; ಅಲ್ಲಿ ದೊಡ್ಡ ಗಂಟಲಿನವರೇ ಶ್ರುತಿ, ಉಳಿದವರು ಮುಂದಿನ ನಿಲ್ದಾಣದವರೆಗೆ ಹಿಂಬಾಲಿಸುತ್ತಾರೆ.

ನಮ್ಮ ಮಕ್ಕಳ ಸ್ಪರ್ಧೆಗಳು ಆ ಗಾಡಿಯನ್ನೇ ಹೋಲುತ್ತಿವೆ. ಸಮಯ ಉಳಿಯಲೆಂದು ಹಾರ್ಮೋನಿಯಂನವರಿಗೆ ಒಂದೇ ಶ್ರುತಿ ಗೊತ್ತುಮಾಡಿ ಎಲ್ಲ ಮಕ್ಕಳನ್ನೂ ಅದರಲ್ಲಿಯೇ ಹಾಡಿಸುತ್ತೇವೆ. ದನಿ ಒಡೆಯುತ್ತಿರುವ ಹದಿನಾಲ್ಕರ ಹುಡುಗನಿಗೂ ಎಂಟರ ಬಾಲೆಗೂ ಒಂದೇ ಅಳತೆಯ ಅಂಗಿ. ಚರಣದಲ್ಲಿ ಮೇಲಿನ ಷಡ್ಜ ಮುಟ್ಟದೆ ತಡವರಿಸಿದ ಮಗು, ಕಂಠವಿಲ್ಲ ಎನ್ನಿಸಿಕೊಂಡು ಇಳಿಯುತ್ತದೆ. ಮರುವರ್ಷ ಬರುವುದಿಲ್ಲ. ಓದಲು ಬಾರದ ಆ ಮಗುವಿಗೆ ಕನ್ನಡವೆಂದು ಉಳಿದಿದ್ದದ್ದು ಆ ನಾಲ್ಕು ಹಾಡುಗಳೇ ಆಗಿರಬಹುದು.

ಗಿಟಾರು ಭಾವಗೀತೆಗೆ ಸಲ್ಲದೆಂಬ ಆಕ್ಷೇಪವೂ ನಮ್ಮ ಕಿವಿಗೆ ಬಿದ್ದಿದೆ. ಹಿಂದೆ ಹಾರ್ಮೋನಿಯಂಗೂ ಇದೇ ಮಾತು ಬಂದಿತ್ತು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟು ಮೂರು ದಶಕಗಳ ಬಳಿಕವೇ ಬಾಗಿಲು ಸಡಿಲಿಸಿತು. ಇಂದು ಅದಿಲ್ಲದೆ ನಮ್ಮ ಭಜನೆ ಏಳುವುದಿಲ್ಲ. ಪಿಟೀಲನ್ನು ಬಾಲುಸ್ವಾಮಿ ದೀಕ್ಷಿತರು ನಮ್ಮದಾಗಿಸಿ ಎರಡು ಶತಮಾನಗಳಾದವು.

ಆದುದರಿಂದ ಕಾರ್ಯಕಾರೀ ಸಮಿತಿಯಲ್ಲಿ ನಮ್ಮ ವಿನಂತಿ ಎರಡು. ಸ್ಪರ್ಧೆಯ ಅರ್ಜಿಯಲ್ಲಿ ಹೆಸರು, ವಯಸ್ಸುಗಳ ಕೆಳಗೆ 'ಹಾಡುವ ಶ್ರುತಿ' ಎಂದು ಒಂದು ಗೆರೆ ಸೇರಿಸಬೇಕು. ಗೊತ್ತಿಲ್ಲದ ಮಕ್ಕಳಿಗೆ ಒಂದು ವಾರ ಮೊದಲೇ ಕರೆದು ನೋಡಿ ಹೇಳಬೇಕು. ಎರಡನೆಯದು, ಮಗು ಬಯಸಿದರೆ ಅಣ್ಣನೋ ಅಕ್ಕನೋ ಗಿಟಾರಿನಲ್ಲಿ ಜೊತೆ ನುಡಿಸಲು ಅಪ್ಪಣೆ ಇರಬೇಕು. ಕೇಪೋಗಳನ್ನು ಸಂಘವೇ ಎರಡು ಮೂರು ಕೊಂಡಿಟ್ಟರೆ ಚಹಾದ ಖರ್ಚಿಗಿಂತ ಹೆಚ್ಚಾಗಲಾರದು.

ಮಾತು ಸಾಕು. ವೇದಿಕೆಯ ಎಡಗಡೆ ಗಿಟಾರು ಸಿದ್ಧವಾಗಿದೆ. ಒಂದೇ ಹಾಡನ್ನು ಮೊದಲು ತಾಯಿಯವರು ಕರಿ ನಾಲ್ಕರಲ್ಲಿಯೂ ಅನಂತರ ಅವರ ಹಿರಿಯ ಮಗ ಕರಿ ಒಂದರಲ್ಲಿಯೂ ಹಾಡುತ್ತಾರೆ. ಕೇಪೋ ಎರಡು ಸಲವೂ ಮೊದಲ ಮೆಟ್ಟಿಲಿನಲ್ಲಿಯೇ ಇರುತ್ತದೆ. ಬೆರಳು ಜಿ ಇಂದ ಸಿ ಗೆ ಹೋಗುವುದನ್ನು ಮುಂದಿನ ಸಾಲಿನ ಮಕ್ಕಳು ಗಮನಿಸಬೇಕು.